ಜನರಲ್ ಕ್ಲಾಡ್ ಮಾರ್ಟಿನ್ ಮತ್ತು ಅವನ ಉಯಿಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾನು ಹಳೆಯ ದಿನಗಳ ನೆನಪುಗಳನ್ನು ಬರೆಯುವೆನೆಂದೇ ಅವರು ಎಣಿಸಿದ್ದಿರಬೇಕು. ಆ ಕೆಲಸವನ್ನು ನನಗಿಂತ ಸೊಗಸಾಗಿ ಮಾಡಬಲ್ಲ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆದುದರಿಂದ ದೂರದ ಲಕ್ನೋ ನಗರದ ಒಂದು ವಿದ್ಯಾಸಂಸ್ಥೆಯನ್ನೂ ಅದಕ್ಕೆ ಆಸ್ತಿಯನ್ನು ಬಿಟ್ಟುಹೋದ ಒಬ್ಬ ವಿಚಿತ್ರ ಪುರುಷನನ್ನೂ ಕುರಿತು ಬರೆಯಲು ಮನಸ್ಸು ಮಾಡಿದ್ದೇನೆ. ರತ್ನಗಿರಿಗೂ ಲಕ್ನೋಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ನಿವೃತ್ತಿಯ ತರುವಾಯ ಕೆಲವರು ಉಪಾಧ್ಯಾಯ ಮಿತ್ರರೊಡನೆ ಕಾಶಿಯಾತ್ರೆಗೆ ಹೋಗಿದ್ದಾಗ, ಲಕ್ನೋದಲ್ಲಿ ಎರಡು ದಿನ ಉಳಿದಿದ್ದೆವು. ಅಲ್ಲಿಯ ಲಾ ಮಾರ್ಟಿನಿಯೇರ್ ಕಾಲೇಜಿನ ಭವ್ಯ ಭವನದ ಮುಂದೆ ಒಂದು ಕಂಚಿನ ಫಿರಂಗಿಯಿದೆ. ಅದರ ಹೆಸರು 'ಲಾರ್ಡ್ ಕಾರ್ನ್‌ವಾಲಿಸ್'. 1786ರಲ್ಲಿ ಲಕ್ನೋದಲ್ಲಿಯೇ ಎರಕ ಹೊಯ್ದ ಈ ಫಿರಂಗಿಯನ್ನು 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಳಸಲಾಯಿತೆಂದು ತಿಳಿದಾಗ ನಾನು ಅಲ್ಲಿಯೇ ನಿಂತುಬಿಟ್ಟೆ. ಟಿಪ್ಪುಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ಪಾಠವನ್ನು ಎಷ್ಟು ವರ್ಷ ಹೇಳಿದ್ದೆನೋ! "ಏನು ಮೇಷ್ಟ್ರೇ, ಫಿರಂಗಿಗೂ ಹಾಜರಿ ಕೂಗುತ್ತೀರೇನು?" ಎಂದು ಮಿತ್ರರೊಬ್ಬರು ಹಾಸ್ಯ ಮಾಡಿದರು. ಆ ಫಿರಂಗಿಯನ್ನು ಎರಕ ಹೊಯ್ಯಿಸಿದವನೇ ಆ ಶಾಲೆಗೂ ಮೂಲಪುರುಷ. ಊರಿಗೆ ಬಂದ ಮೇಲೆ ಅವನ ವಿಚಾರವಾಗಿ ದೊರೆತುದನ್ನೆಲ್ಲ ಓದಿದೆ.

ಕ್ಲಾಡ್ ಮಾರ್ಟಿನ್ ಹುಟ್ಟಿದ್ದು 1735ರ ಜನವರಿ 5ರಂದು, ಫ್ರಾನ್ಸ್ ದೇಶದ ಲಿಯೋನ್ ನಗರದ ಸಾಧಾರಣ ಕಥೊಲಿಕ ಕುಟುಂಬದಲ್ಲಿ. ಹದಿನಾರನೆಯ ವಯಸ್ಸಿಗೆ ಮನೆಬಿಟ್ಟು ಫ್ರೆಂಚ್ ಕಂಪನಿಯ ಸಿಪಾಯಿಯಾಗಿ ಪುದುಚೇರಿಗೆ ಬಂದನು. ಆಗ ಅಲ್ಲಿ ಡೂಪ್ಲೆಯ ಆಡಳಿತ. 1760ರಲ್ಲಿ ಫ್ರೆಂಚರ ಕಾಲ ಮುಗಿಯಿತೆಂದು ಕಂಡೊಡನೆ ಇಂಗ್ಲಿಷರ ಪಕ್ಷವನ್ನು ಸೇರಿದನು. ಇದನ್ನು ಜಾಣತನವೆನ್ನಬೇಕೋ ದ್ರೋಹವೆನ್ನಬೇಕೋ ವಾಚಕರೇ ನಿರ್ಧರಿಸಲಿ. ಅನಂತರ ಬಂಗಾಳದಲ್ಲಿ ರೆನ್ನೆಲ್ಲನ ಮೋಜಣಿಯಲ್ಲಿ ಭೂಮಿಯನ್ನು ಅಳೆದು ನಕ್ಷೆ ಬರೆಯುವ ಕೆಲಸ ಮಾಡಿ, 1776ರಲ್ಲಿ ಅವಧದ ನವಾಬ ಆಸಫ್-ಉದ್-ದೌಲಾನ ಆಯುಧಾಗಾರದ ಮೇಲ್ವಿಚಾರಕನಾಗಿ ಲಕ್ನೋಗೆ ಬಂದನು. ಅಲ್ಲಿಂದ ಅವನ ಭಾಗ್ಯದ ಬಾಗಿಲು ತೆರೆಯಿತು.

ಯಾವ ಇಂಜಿನಿಯರಿಂಗ್ ಕಾಲೇಜಿನ ಪದವಿಯೂ ಇಲ್ಲದ ಈ ಮನುಷ್ಯನ ಕೈಗೆ ಒಗ್ಗದ ಕೆಲಸವಿರಲಿಲ್ಲ. ಫಿರಂಗಿಯನ್ನೂ ಗಂಟೆಯನ್ನೂ ಎರಕ ಹೊಯ್ಯಿಸಿದನು. ಫ್ರಾನ್ಸಿನಲ್ಲಿ 1783ರಲ್ಲಿ ಮಾನವನು ಮೊದಲು ಬಲೂನಿನಲ್ಲಿ ಹಾರಿದನಷ್ಟೆ. ಎರಡೇ ವರ್ಷಗಳಲ್ಲಿ ಲಕ್ನೋದ ಆಕಾಶದಲ್ಲಿ ಮಾರ್ಟಿನ್ ಬಿಸಿಗಾಳಿಯ ಬಲೂನುಗಳನ್ನು ಹಾರಿಸಿದನು. ಗೋಮತಿ ನದಿಯ ದಂಡೆಯಲ್ಲಿ ಅವನು ಕಟ್ಟಿಸಿದ ಫರ್ಹತ್ ಬಕ್ಷ್ ಎಂಬ ಮನೆಯ ಯುಕ್ತಿಯನ್ನು ನಮ್ಮ ಸೀಮೆಯವರು ಗಮನಿಸಬೇಕು. ಅದರ ಕೆಳಗಿನ ಅಂತಸ್ತುಗಳು ನದಿಯ ಮಟ್ಟದಲ್ಲಿಯೇ ಇದ್ದವು. ಬೇಸಗೆಯಲ್ಲಿ ಹರಿಯುವ ನೀರಿನ ತಂಪು ಗೋಡೆಗಳಿಗೆ ತಗಲಿ ಕೋಣೆಗಳು ತಣ್ಣಗಿರುತ್ತಿದ್ದವು. ಮಳೆಗಾಲ ಬಂದು ನದಿ ಏರಿದಂತೆ ಸಾಮಾನುಗಳನ್ನು ಮೇಲಕ್ಕೆ ಸಾಗಿಸಿ, ಕೆಳಗನ್ನು ನೀರಿಗೆ ಬಿಟ್ಟುಕೊಡುವುದು. ಮಳೆಯ ಮೋಡವನ್ನೇ ಕಾಣದ ನಮ್ಮ ಸೀಮೆಯಲ್ಲಿ ಇಂಥ ಮನೆಯ ಕಲ್ಪನೆಯೇ ನಗೆ ತರಿಸುತ್ತದೆ!

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1782ರ ಸುಮಾರಿಗೆ ಅವನ ಮೂತ್ರಕೋಶದಲ್ಲಿ ಕಲ್ಲು ಬೆಳೆಯಿತು. ಆ ಕಾಲದ ಶಸ್ತ್ರಚಿಕಿತ್ಸೆಯೆಂದರೆ ಬದುಕಿ ಬಂದವರೇ ಪುಣ್ಯವಂತರು. ಮಾರ್ಟಿನ್ ತಾನೇ ತೆಳುವಾದ ತಂತಿಯ ತುದಿಯನ್ನು ಅರದಂತೆ ಮಾಡಿ, ಮೂತ್ರನಾಳದ ಮೂಲಕ ಒಳಕ್ಕೆ ಸೇರಿಸಿ, ತಿಂಗಳುಗಟ್ಟಲೆ ದಿನವೂ ಕಲ್ಲನ್ನು ಸವೆಯಿಸಿ ಗುಣವಾದನು. ಪ್ಯಾರಿಸ್ಸಿನ ವೈದ್ಯ ಸಿವಿಯಾಲ್ ಮೂತ್ರಕೋಶವನ್ನು ಕೊಯ್ಯದೆ ಕಲ್ಲನ್ನು ಪುಡಿಮಾಡುವ ವಿಧಾನವನ್ನು ಜಗತ್ತಿಗೆ ತೋರಿಸಿದ್ದು 1824ರಲ್ಲಿ!

ಹಣ ಹೇಗೆ ಬಂದಿತು? ಸಂಬಳದಿಂದಲ್ಲ. ನವಾಬನಿಗೆ ಯುರೋಪಿನ ಸಾಮಾನುಗಳನ್ನು ತರಿಸಿಕೊಡುವ ವ್ಯಾಪಾರ, ನವಾಬನಿಗೂ ಯುರೋಪಿಯನ್ನರಿಗೂ ಬಡ್ಡಿಗೆ ಸಾಲ, ಮನೆಗಳ ಬಾಡಿಗೆ, ಕಾನ್ಪುರದ ಬಳಿಯ ನಜಫ್‌ಗಢದಲ್ಲಿ ನೀಲಿಯ ಬೆಳೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಅಶ್ವದಳಕ್ಕೆ ಸ್ವಂತ ಖರ್ಚಿನಿಂದ ಕುದುರೆಗಳನ್ನು ಕೊಟ್ಟು ಕರ್ನಲ್ ಪದವಿಯನ್ನೂ ಪಡೆದನು. ಅವನ ಮನೆಯಲ್ಲಿ ದಾಸದಾಸಿಯರಿದ್ದರು. ಬೂಲೋನ್ ಎಂಬ ಹುಡುಗಿಯನ್ನು ಎಳೆಯ ವಯಸ್ಸಿನಲ್ಲಿ ಹಣ ಕೊಟ್ಟು ಪಡೆದು, ಬೆಳೆಸಿ, ಅನಂತರ ಅವಳನ್ನೇ ಸಂಗಾತಿಯಾಗಿ ಇಟ್ಟುಕೊಂಡನು. ಅವಳಿಗೂ ಅವನಿಗೂ ಸುಮಾರು ಮೂವತ್ತು ವರ್ಷಗಳ ಅಂತರ. ದಾನಿಗಳ ಚರಿತ್ರೆಯನ್ನು ಬರೆಯುವಾಗ ಇಂಥ ಮಾತುಗಳನ್ನು ಬಿಡುವ ವಾಡಿಕೆಯಿದೆ. ನಾನು ಬಿಡಲಾರೆ.

1800ರ ಜನವರಿ 1ರಂದು ಅವನು ಉಯಿಲನ್ನು ಬರೆಯಿಸಿದನು. ಆಸ್ತಿ ಮೂವತ್ತು ಲಕ್ಷ ರೂಪಾಯಿಗಳಿಗೂ ಮಿಗಿಲು. ಬೂಲೋನಳಿಗೂ ಸೇವಕರಿಗೂ ಜೀವನಾಂಶ, ದಾಸರಿಗೆ ಬಿಡುಗಡೆ, ಲಕ್ನೋ, ಕಲ್ಕತ್ತಾ, ಚಂದ್ರನಗರಗಳ ಬಡವರಿಗೆ ದಾನ, ಸಣ್ಣ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೆ ನಿಧಿ, ಇವೆಲ್ಲವೂ ಅದರಲ್ಲಿದ್ದವು. ಮುಖ್ಯವಾಗಿ ಲಿಯೋನ್, ಕಲ್ಕತ್ತಾ, ಲಕ್ನೋ ಈ ಮೂರು ನಗರಗಳಲ್ಲಿ ಶಾಲೆಗಳಾಗಬೇಕೆಂದು ವಿಧಿಸಿದನು. ಅದೇ ವರ್ಷ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಆಗಿ ಲಕ್ನೋದಲ್ಲಿ ಸತ್ತನು. ಅದಾದ ಒಂದು ತಿಂಗಳೊಳಗೆ, ಅಕ್ಟೋಬರ್ 12ರಂದು, ನಿಜಾಮನು ಬರೆದುಕೊಟ್ಟ ಒಡಂಬಡಿಕೆಯಂತೆ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಗಳು ದತ್ತಮಂಡಲದೊಡನೆ ಇಂಗ್ಲಿಷ್ ಕಂಪನಿಯ ವಶವಾದವು. ಟಿಪ್ಪುವಿನ ರಾಜ್ಯದಿಂದ ನಿಜಾಮನಿಗೆ ಪಾಲು ಬಂದಿದ್ದ ಭೂಮಿಯಿದು. ಆ ಫಿರಂಗಿಯ ಮುಂದೆ ನಾನು ನಿಂತದ್ದಕ್ಕೆ ಕಾರಣ ಈಗ ವಾಚಕರಿಗೆ ತಿಳಿದಿರಬಹುದು.

ತನ್ನ ಸಮಾಧಿಯ ವಿಷಯದಲ್ಲಿ ಮಾರ್ಟಿನ್ ಬಹು ಎಚ್ಚರವಾಗಿದ್ದನು. ಕಾನ್‌ಸ್ಟಾಂಷಿಯಾ ಎಂದು ಹೆಸರಿಟ್ಟು ಕಟ್ಟಿಸುತ್ತಿದ್ದ ಭವನವು ಅವನ ಮರಣಕಾಲಕ್ಕೆ ಇನ್ನೂ ಮುಗಿದಿರಲಿಲ್ಲ. ಅದರ ನೆಲಮಾಳಿಗೆಯಲ್ಲಿಯೇ ತನ್ನನ್ನು ಹೂಳಬೇಕು, ಸಾಮಾನ್ಯ ಸಿಪಾಯಿಯಾಗಿ ಬಂದು ಮೇಜರ್ ಜನರಲ್ ಆಗಿ ಸತ್ತನೆಂದು ಕಲ್ಲಿನಲ್ಲಿ ಬರೆಯಬೇಕು, ಮನೆಯನ್ನು ಎಂದೂ ಮಾರಬಾರದು ಎಂದು ಬರೆಯಿಸಿದ್ದನು. ಗೋರಿಯಿರುವ ಮನೆಯನ್ನು ನವಾಬನು ಕಸಿದುಕೊಳ್ಳಲಾರನೆಂಬುದು ಅವನ ಲೆಕ್ಕಾಚಾರವೆಂದು ಲಕ್ನೋದಲ್ಲಿ ಪ್ರತೀತಿ. ಆದರೆ ಶಾಲೆಗಳನ್ನು ಹೇಗೆ, ಯಾರು ನಡೆಸಬೇಕೆಂಬುದನ್ನು ಮಾತ್ರ ಅಷ್ಟು ಬಿಗಿಯಾಗಿ ಬರೆಯಲಿಲ್ಲ. ಫಲವೇನಾಯಿತು? ಕಲ್ಕತ್ತಾದ ಸುಪ್ರೀಂ ಕೋರ್ಟಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ವ್ಯಾಜ್ಯ. ಲಿಯೋನಿನ ಶಾಲೆಯು ನೆಲೆಗೊಂಡದ್ದು 1833ರಲ್ಲಿ, ಕಲ್ಕತ್ತಾದ ಶಾಲೆ ತೆರೆದದ್ದು 1836ರ ಮಾರ್ಚ್ 1ರಂದು, ಅವನು ಬಾಳಿದ ಲಕ್ನೋದಲ್ಲಿ ತೆರೆದದ್ದು 1845ರ ಅಕ್ಟೋಬರ್ 1ರಂದು. ಉಯಿಲು ಬರೆದ ದಿನ ಹುಟ್ಟಿದ ಮಗು ಲಕ್ನೋದ ಶಾಲೆ ತೆರೆಯುವ ಹೊತ್ತಿಗೆ ನಲವತ್ತೈದು ವರ್ಷದ ಗೃಹಸ್ಥನಾಗಿರುತ್ತಿತ್ತು!

ತೆರೆದ ಮೇಲಾದರೂ ಎಲ್ಲರಿಗೂ ತೆರೆಯಲಿಲ್ಲ. ಯಾವ ನಾಡಿನ ನೀಲಿಯಿಂದ, ಯಾವ ನವಾಬನ ಬೊಕ್ಕಸದಿಂದ ಆ ಹಣ ಬಂದಿತ್ತೋ, ಆ ನಾಡಿನ ಮಕ್ಕಳಿಗೆ ಇಲ್ಲಿಯ ಎರಡು ಶಾಲೆಗಳ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೇ ಅವು ಮೀಸಲಾಗಿದ್ದವು. ಲಿಯೋನಿನ ಶಾಲೆಯಾದರೋ ಕೈಕಸುಬು ಮತ್ತು ವಿಜ್ಞಾನಗಳ ಶಿಕ್ಷಣಕ್ಕೆ ಹೆಸರಾಯಿತು. ಚಲನಚಿತ್ರವನ್ನು ಜಗತ್ತಿಗೆ ತೋರಿದ ಲೂಮಿಯೇರ್ ಸಹೋದರರು ಅಲ್ಲಿಯ ವಿದ್ಯಾರ್ಥಿಗಳು. ಈಗ ಭಾರತದ ಎರಡೂ ಶಾಲೆಗಳಲ್ಲಿ ನಮ್ಮ ಮಕ್ಕಳೇ ಓದುತ್ತಿದ್ದಾರೆ. ಸೆಪ್ಟೆಂಬರ್ 13ರಂದು ಸಂಸ್ಥಾಪಕರ ದಿನವನ್ನು ಆಚರಿಸುತ್ತಾರೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ನಲವತ್ತೈದು ವರ್ಷಗಳೇ. ನಾನು ಹಿಂದೆ ಕೆಲಸ ಮಾಡಿದ ಒಂದು ಹಳ್ಳಿಯ ಶಾಲೆಗೆ ಹಿರಿಯರೊಬ್ಬರು ಊರ ಪಂಚರ ಮುಂದೆ ಬಾಯಿಮಾತಿನಲ್ಲಿ ಒಂದೂವರೆ ಎಕರೆ ಜಾಗವನ್ನು ಕೊಟ್ಟಿದ್ದರು. ಪುಣ್ಯಾತ್ಮರು. ಅವರಿರುವವರೆಗೆ ಮಕ್ಕಳು ಅಲ್ಲಿ ಆಡಿದರು. ಅವರು ತೀರಿಕೊಂಡ ಮರುವರ್ಷವೇ ಬೇಲಿ ಬಂದಿತು. ಹೆಡ್ಮಾಸ್ಟರ ಕುರ್ಚಿಯಲ್ಲಿದ್ದ ನನ್ನ ಬಳಿ ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ಆಗಲೇ ಕೇಳಿ ಬರೆಯಿಸಿಕೊಳ್ಳಬೇಕಿತ್ತು. ಸಂಕೋಚಪಟ್ಟೆ. ತಪ್ಪು ನನ್ನದೇ.

ನಮ್ಮ ಶಾಲೆಗೆ ಹೊಸ ಕೊಠಡಿಗಳಿಗಾಗಿ ಈಚೆಗೆ ಜಾಗ ಬಂದಿದೆಯೆಂದು ಕೇಳಿ ಸಂತೋಷಪಟ್ಟಿದ್ದೇನೆ. ಮಹೋತ್ಸವ ಸಮಿತಿಯವರು ಇದನ್ನು ಓದುತ್ತಿದ್ದರೆ, ಸನ್ಮಾನದ ಹಾರ ತುರಾಯಿಗಳ ಗಡಿಬಿಡಿಯ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ದಾನಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರರ ಕಛೇರಿಗೆ ಹೋಗಿಬರಬೇಕೆಂದು ವಿನಂತಿ. ಸಾಕ್ಷಿ ಹಾಕಲು ಒಬ್ಬರು ಬೇಕಾದರೆ ನಾನು ಬರುತ್ತೇನೆ.