ಎರಡು ರಸಬಾಳೆ ತೂಕದ ಆಲ್ಕೊ ಎಂಜಿನ್

ಮೈಸೂರಿನ ಸರಸ್ವತಿಪುರಂನ ಓದುಗರೊಬ್ಬರ ಮನೆಯ ಷೋಕೇಸಿನಲ್ಲಿ, ಮಗಳು ಗೆದ್ದ ಟ್ರೋಫಿಗಳಿಗೂ ಚನ್ನಪಟ್ಟಣದ ಬೊಂಬೆಗಳಿಗೂ ನಡುವೆ, ಗೇಣುದ್ದದ ಒಂದು ಡೀಸೆಲ್ ಎಂಜಿನ್ ನಿಂತಿದೆ. ಡಬ್ಲ್ಯುಡಿಎಂ-2. ಅದು ಬಂದ ಡಬ್ಬಿಯ ಮೇಲೆ ‘ಸೀಮಿತ ಆವೃತ್ತಿ’ ಎಂದು ಹೊಳೆಯುವ ಅಕ್ಷರ, ಒಳಗೆ ಕ್ರಮಸಂಖ್ಯೆ ಬರೆದ ಪ್ರಮಾಣಪತ್ರ. ಕೊಟ್ಟ ಬೆಲೆಯನ್ನು ಅವರು ಮನೆಯವರಿಗೆ ಹೇಳಿಲ್ಲವಂತೆ, ನಾವೂ ಕೇಳಲಿಲ್ಲ. ಅವರು ಕಳಿಸಿದ ಪ್ರಶ್ನೆ ಮಾತ್ರ ಸೊಗಸಾಗಿದೆ: ‘ಅಸಲಿ ಎಂಜಿನ್ನಿನ ವೇಗ ಗಂಟೆಗೆ 120 ಕಿ.ಮೀ. ಮಾಡೆಲ್ಲು ಅದರ 87ರಲ್ಲೊಂದು ಪಾಲು. ವೇಗವನ್ನೂ 87ರಿಂದ ಭಾಗಿಸಿ, ಗಡಿಯಾರ ಹಿಡಿದುಕೊಂಡು ಊಟದ ಮೇಜಿನ ಮೇಲೆ ಅಷ್ಟೇ ವೇಗದಲ್ಲಿ ಓಡಿಸಿದೆ, ವಿಡಿಯೊ ಮಾಡಿದೆ. ಆದರೂ ನೋಡಿದವರೆಲ್ಲ ಆಟದ ಸಾಮಾನು ಅಂತಾರೆ. ಲೆಕ್ಕ ಎಲ್ಲಿ ತಪ್ಪಿತು?’

ಲೆಕ್ಕ ತಪ್ಪಿಲ್ಲ. ಸೆಕೆಂಡಿಗೆ 38 ಸೆಂ.ಮೀ., ಸರಿಯಾಗೇ ಇದೆ. ತಪ್ಪಿರುವುದು ಬೇರೆ ಕಡೆ.

ಮೊದಲು ಅಸಲಿಯ ಸಂಗತಿ. ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೊ, 1962ರಲ್ಲಿ ಈ ಎಂಜಿನ್ನನ್ನು ನಮಗೆ ಕಳಿಸಿತು. 1964ರ ಜನವರಿಯಲ್ಲಿ ವಾರಾಣಸಿಯ ಡೀಸೆಲ್ ಕಾರ್ಖಾನೆಯಿಂದ ಮೊದಲನೆಯದು ಹೊರಬಂತು. 16 ಸಿಲಿಂಡರು, 2,600 ಅಶ್ವಶಕ್ತಿ, 112.8 ಟನ್ ತೂಕ. 1969ರಲ್ಲಿ ಆಲ್ಕೊ ರೈಲ್ವೆ ಎಂಜಿನ್ ತಯಾರಿಕೆಗೆ ಬಾಗಿಲು ಹಾಕಿತು, ನಮ್ಮವರು ಮಾತ್ರ ಅದೇ ವಂಶವನ್ನು ದಶಕಗಳ ಕಾಲ ಬೆಳೆಸಿದರು. ಡಬ್ಲ್ಯುಡಿಎಂ-2 ಒಂದೇ ಎರಡೂವರೆ ಸಾವಿರಕ್ಕೂ ಹೆಚ್ಚು ತಯಾರಾದವು. ದೇಶದಲ್ಲಿ ಇಷ್ಟು ಸಾಮಾನ್ಯವಾದ ಡೀಸೆಲ್ ಎಂಜಿನ್ ಆ ಕಾಲಕ್ಕೆ ಇನ್ನೊಂದಿರಲಿಲ್ಲ. ಅದರ ಮಾಡೆಲ್ಲು ‘ಅಪರೂಪ’ದ್ದು ಎಂದು ಮಾರಾಟವಾಗುವುದು ತಮಾಷೆಯೇ ಸರಿ.

ಈಗ ತೂಕಕ್ಕೆ ಬರೋಣ. ಉದ್ದ 87 ಪಟ್ಟು ಕುಗ್ಗಿದರೆ ಅಗಲವೂ ಎತ್ತರವೂ ಅಷ್ಟಷ್ಟೇ ಕುಗ್ಗುತ್ತವೆ. ಹಾಗಾಗಿ ತೂಕವನ್ನು 87ರಿಂದ ಮೂರು ಸಲ ಭಾಗಿಸಬೇಕು. 112.8 ಟನ್ ಕುಗ್ಗಿ ಕುಗ್ಗಿ ನಿಲ್ಲುವುದು 171 ಗ್ರಾಮಿಗೆ. ಹೆಚ್ಚುಕಡಿಮೆ ಎರಡು ನಂಜನಗೂಡು ರಸಬಾಳೆ! 1638ರಷ್ಟು ಹಿಂದೆಯೇ ಗೆಲಿಲಿಯೊ ಈ ಲೆಕ್ಕವನ್ನು ಪ್ರಾಣಿಗಳ ಮೂಳೆಗಳಿಗೆ ಹಾಕಿ ತೋರಿಸಿದ್ದ. ಆಕಾರ ಒಂದೇ ಇಟ್ಟುಕೊಂಡು ಗಾತ್ರ ಬದಲಿಸಿದರೆ ಬಲ, ತೂಕ, ಮೈಯ ವಿಸ್ತೀರ್ಣ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ.

171 ಗ್ರಾಮಿನ ಎಂಜಿನ್ ಮೇಜಿನ ಮೇಲೆ ನಾಲ್ಕು ಡಬ್ಬಿ ಎಳೆಯಲು ತಿಣುಕುತ್ತದೆ. ಅಚ್ಚುಗಳ ಘರ್ಷಣೆ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಲ್ಲ. ಅದಕ್ಕೇ ತಯಾರಕರು ಒಳಗೆ ಸತುವಿನ ದಪ್ಪ ಎರಕದ ತುಂಡು ಕೂರಿಸಿ, ತೂಕವನ್ನು ಎರಡು ಮೂರು ಪಟ್ಟು ಏರಿಸುತ್ತಾರೆ. ‘ಕೈಗೆ ಭಾರ ಬರುತ್ತೆ, ಅಸಲಿ ಮಾಲು’ ಎಂದು ಸಂಗ್ರಾಹಕರು ತೂಗಿ ನೋಡುವುದುಂಟು. ನಿಜವಾಗಿ, ಭಾರ ಬಂದಷ್ಟೂ ಅದು ಅಸಲಿಯಿಂದ ದೂರ.

ವೇಗದ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನ ಒಬ್ಬ ರೈಲ್ವೆ ಎಂಜಿನಿಯರನ ಬಳಿ ಇದೆ. ವಿಲಿಯಂ ಫ್ರೂಡ್, 1810ರಲ್ಲಿ ಹುಟ್ಟಿದವನು. ಪ್ರಸಿದ್ಧ ಬ್ರುನೆಲ್ ಕೈಕೆಳಗೆ ಬ್ರಿಸ್ಟಲ್–ಎಕ್ಸೆಟರ್ ಮಾರ್ಗದಲ್ಲಿ ದುಡಿದ. ನೇರ ಹಳಿಯಿಂದ ತಿರುವಿಗೆ ರೈಲು ಏಕಾಏಕಿ ಹೊರಳದೆ ನಯವಾಗಿ ಜಾರುವಂತೆ ಹಳಿಯನ್ನು ಸ್ವಲ್ಪಸ್ವಲ್ಪವೇ ಬಗ್ಗಿಸುವ ಕ್ರಮವನ್ನು ರೂಪಿಸಿದ. ಆಮೇಲೆ ಹಡಗುಗಳ ಹುಚ್ಚು ಹಿಡಿಯಿತು. ಹೊಸ ಹಡಗು ನೀರಿಗಿಳಿಯುವ ಮೊದಲೇ ಅದರ ಸಣ್ಣ ಮಾದರಿ ಮಾಡಿ ಪರೀಕ್ಷಿಸಬಹುದೇ? ಆಗಿನ ದೊಡ್ಡ ದೊಡ್ಡ ಹಡಗು ಎಂಜಿನಿಯರುಗಳಿಗೆ ಇದು ಮಕ್ಕಳಾಟವಾಗಿ ಕಂಡಿತು. ಫ್ರೂಡ್ 1872ರಲ್ಲಿ ಟಾರ್ಕಿ ಊರಿನ ತನ್ನ ಮನೆಯ ಹತ್ತಿರ ಉದ್ದನೆಯ ತೊಟ್ಟಿ ಕಟ್ಟಿಸಿ, ಪ್ಯಾರಾಫಿನ್ ಮೇಣದ ಪುಟ್ಟ ಹಡಗುಗಳನ್ನು ಎಳೆಸತೊಡಗಿದ. ಮಾದರಿ ಏಳಿಸುವ ಅಲೆ ಅಸಲಿಯ ಅಲೆಯನ್ನೇ ಹೋಲಬೇಕಾದರೆ, ವೇಗವನ್ನು ಗಾತ್ರದಷ್ಟು ಇಳಿಸುವುದಲ್ಲ, ಗಾತ್ರದ ವರ್ಗಮೂಲದಷ್ಟು ಇಳಿಸಬೇಕು ಎಂದು ಅವನಿಗೆ ತಿಳಿದಿತ್ತು. ಕಾರಣ ಗುರುತ್ವಾಕರ್ಷಣೆ. ಹಡಗನ್ನು ಕುಗ್ಗಿಸಬಹುದು, ಭೂಮಿಯ ಸೆಳೆತವನ್ನು ಕುಗ್ಗಿಸುವವರಾರು?

ಸರಸ್ವತಿಪುರಂನ ಮೇಜಿಗೂ ಅದೇ ನಿಯಮ. ಅಸಲಿ ಎಂಜಿನ್ನಿನ ಕ್ಯಾಬಿನ್ನಿನಲ್ಲಿ ಡ್ರೈವರು ಮೀಟರುದ್ದದ ಹಗ್ಗಕ್ಕೆ ಟಿಫನ್ ಕ್ಯಾರಿಯರ್ ನೇತುಹಾಕಿದ್ದಾನೆ ಎಂದುಕೊಳ್ಳಿ. ಅದು ಒಮ್ಮೆ ಹೋಗಿ ಬರಲು ಎರಡು ಸೆಕೆಂಡು. ಮಾಡೆಲ್ಲಿನಲ್ಲಿ ಆ ಹಗ್ಗ ಹನ್ನೊಂದೂವರೆ ಮಿಲಿಮೀಟರು. ಕ್ಯಾರಿಯರ್ ಎರಡು ಸೆಕೆಂಡಿನಲ್ಲಿ ಒಂಬತ್ತು ಸಲ ಹೋಗಿ ಬಂದಿರುತ್ತದೆ. ಟಿಫನ್ ಕ್ಯಾರಿಯರ್ ಒಂದೇ ಅಲ್ಲ. ಹಳಿಯ ಕೀಲಿನ ಮೇಲೆ ಎಂಜಿನ್ ಕುಲುಕುವುದು, ಕೊಂಡಿ ತೂಗುವುದು, ಡಬ್ಬಿ ವಾಲುವುದು, ಹೀಗೆ ಗುರುತ್ವ ಆಡಿಸುವುದೆಲ್ಲ ಸುಮಾರು ಒಂಬತ್ತೂಕಾಲು ಪಟ್ಟು ಅವಸರದಲ್ಲಿ ನಡೆಯುತ್ತದೆ. ಮುಂದಕ್ಕೆ ಹೋಗುವ ವೇಗವನ್ನು ನಮ್ಮ ಗಡಿಯಾರ ಅಳೆಯುತ್ತಿದೆ, ಕುಲುಕಾಟವನ್ನು ಬೇರೊಂದು ಗಡಿಯಾರ ನಡೆಸುತ್ತಿದೆ. ನೂರು ಟನ್ನಿನ ಯಂತ್ರ ಆನೆಯಂತೆ ಗಂಭೀರವಾಗಿ ತೂಗಬೇಕು. ಇದು ಗುಬ್ಬಿಯಂತೆ ಪುಟಪುಟನೆ ಹಾರುತ್ತದೆ. ಕಣ್ಣಿಗೆ ಈ ಮೋಸ ಒಡನೆ ತಿಳಿಯುತ್ತದೆ, ಬಾಯಿಗೆ ವಿವರಿಸಲು ಬರುವುದಿಲ್ಲ.

ಸಿನಿಮಾದವರಿಗೆ ಈ ಗುಟ್ಟು ಗೊತ್ತು. ಮಾಡೆಲ್ ರೈಲು ಸೇತುವೆಯಿಂದ ಬೀಳುವ ದೃಶ್ಯವನ್ನು ಅವರು ಹೆಚ್ಚು ಫ್ರೇಮುಗಳಲ್ಲಿ ತೆಗೆದು ನಿಧಾನವಾಗಿ ತೋರಿಸುತ್ತಾರೆ. ಇಂದು ಅನೇಕ ಮೊಬೈಲುಗಳಲ್ಲೇ ಸೆಕೆಂಡಿಗೆ 240 ಫ್ರೇಮಿನ ನಿಧಾನಗತಿ ಸೌಲಭ್ಯ ಇದೆ, ಅಂದರೆ ಎಂಟರಿಂದ ಹತ್ತು ಪಟ್ಟು ನಿಧಾನ. ಹೇಳಿ ಮಾಡಿಸಿದಂತಿದೆ. ಅದರಲ್ಲಿ ನೋಡಿದರೆ ಕುಲುಕಾಟಕ್ಕೆ ಗಾಂಭೀರ್ಯ ಬರುತ್ತದೆ. ಆದರೆ ವೇಗ ಗಂಟೆಗೆ 13 ಕಿ.ಮೀ.ನಂತೆ ಕಾಣುತ್ತದೆ: ಪಕ್ಕದ ಚಾಮರಾಜಪುರಂ ನಿಲ್ದಾಣಕ್ಕೆ ನುಸುಳಿ ಬರುವ ರೈಲಿನ ಹಾಗೆ. 120ರ ಓಟವೇ ಬೇಕೆಂದರೆ ಮೇಜಿನ ಮೇಲೆ ಸೆಕೆಂಡಿಗೆ ಮೂರೂವರೆ ಮೀಟರು ಓಡಿಸಬೇಕು. ಮೊದಲ ತಿರುವಿನಲ್ಲೇ ಸೀಮಿತ ಆವೃತ್ತಿ ನೆಲಕ್ಕೆ!

ತಿರುವೂ ಒಂದು ಹಗರಣವೇ. ನಮ್ಮ ಬ್ರಾಡ್ ಗೇಜಿನಲ್ಲಿ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರು. ಅದನ್ನು ಕುಗ್ಗಿಸಿದರೆ ಎರಡು ಮೀಟರು, ಒಂದು ಪೂರ್ತಿ ವೃತ್ತಕ್ಕೆ ನಾಲ್ಕು ಮೀಟರು ಅಗಲದ ಕೋಣೆ ಬೇಕು. ಅಂಗಡಿಯ ಹಳಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 46 ಸೆಂ.ಮೀ. ತ್ರಿಜ್ಯ. ಅದೂ ನೇರ ಹಳಿಗೆ ಫಟ್ಟನೆ ಅಂಟಿಕೊಂಡ ತಿರುವು. ಫ್ರೂಡ್ ಕಂಡರೆ ಕಣ್ಣು ಮುಚ್ಚಿಕೊಂಡಾನು.

ಹೊಗೆಯ ವಿಚಾರ ಬಿಟ್ಟರೆ ಆಲ್ಕೊ ಅಭಿಮಾನಿಗಳು ಕ್ಷಮಿಸುವುದಿಲ್ಲ. ಡ್ರೈವರು ಥ್ರಾಟಲ್ ಏರಿಸಿದೊಡನೆ ಡೀಸೆಲ್ ಹೆಚ್ಚಾಗಿ ನುಗ್ಗುತ್ತದೆ, ಗಾಳಿ ಒತ್ತುವ ಟರ್ಬೊ ಚಾರ್ಜರ್ ಮಾತ್ರ ವೇಗ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಆ ನಡುವಿನ ಹೊತ್ತಿನಲ್ಲಿ ಅರೆಬೆಂದ ಇಂಧನ ಕಪ್ಪು ಮಸಿಯಾಗಿ ಮುಗಿಲಿಗೇರುತ್ತದೆ. ಅಭಿಮಾನಿಗಳಿಗೆ ಅದು ಪುಷ್ಪವೃಷ್ಟಿ, ಹಳಿ ಪಕ್ಕದಲ್ಲಿ ಬಟ್ಟೆ ಒಣಹಾಕಿದವರಿಗೆ ಶಾಪ. ಮಾಡೆಲ್ಲಿನಲ್ಲಿ ಎಣ್ಣೆ ಕಾಯಿಸಿ ಹೊಗೆ ಬಿಡುವ ಸಾಧನವೇನೋ ಇದೆ. ಅದು ಮೈಸೂರು ಊದುಬತ್ತಿಯ ಹೊಗೆಯಂತೆ ತೆಳ್ಳನೆ ಎಳೆಯಾಗಿ ಏಳುತ್ತದೆಯೇ ಹೊರತು, ಉರುಳುರುಳಿ ಭುಸುಗುಡುವುದಿಲ್ಲ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಹರಿಸಿ ತೋರಿಸಿದ್ದು ಇದನ್ನೇ. ಹರಿವು ಸಣ್ಣದಾಗಿ ನಿಧಾನವಾಗಿದ್ದರೆ ನೂಲಿನಂತೆ ಸಾಗುತ್ತದೆ, ಗಾತ್ರವೂ ವೇಗವೂ ಒಂದು ಮಿತಿ ದಾಟಿದರೆ ಸುಳಿಸುಳಿಯಾಗಿ ಕದಡುತ್ತದೆ. ಚಿಮಣಿ ಕುಗ್ಗಿದ ಮೇಲೆ ಆಲ್ಕೊ ಹೊಗೆ ಎಷ್ಟು ದುಡ್ಡು ಸುರಿದರೂ ಬರದು.

ಇನ್ನು ಹಳಿ ಅಂತರ. ಫ್ರೂಡನ ಗುರು ಬ್ರುನೆಲ್ ಏಳಡಿ ಅಗಲದ ಹಳಿಗಾಗಿ ಹಟ ಹಿಡಿದವನು. ಅವನ ಎದುರಾಳಿಗಳದು ನಾಲ್ಕಡಿ ಎಂಟೂವರೆ ಅಂಗುಲ. ಈ ಜಗಳದ ಬಿಸಿ ಭಾರತಕ್ಕೂ ತಟ್ಟಿತು. ಲಂಡನ್ನಿನವರು ಕಿರಿದಾದದ್ದೇ ಸಾಕೆಂದರು, ಸಿಮ್ಸ್ ಎಂಬ ಎಂಜಿನಿಯರ್ ಐದೂವರೆ ಅಡಿ ಎಂದ, ಗವರ್ನರ್ ಜನರಲ್ ಡಾಲ್‌ಹೌಸಿಗೆ ಆರಡಿ ಬೇಕಿತ್ತು. ಕೊನೆಗೆ ಐದೂವರೆಗೆ ರಾಜಿಯಾಯಿತು. ಅದೇ ನಮ್ಮ 1,676 ಮಿ.ಮೀ. ಬ್ರಾಡ್ ಗೇಜ್. ಅತ್ತ ಜರ್ಮನಿಯಲ್ಲಿ 1922ರ ಸುಮಾರಿಗೆ ಬಿಂಗ್ ಕಂಪನಿ ಊಟದ ಮೇಜಿನ ಮೇಲೆ ಓಡುವ ರೈಲು ತಂದಿತು. 1935ರಲ್ಲಿ ಮಾರ್ಕ್ಲಿನ್ ಕಂಪನಿಯೂ ಜತೆಗೂಡಿತು. ಯುರೋಪಿನ ಹಳಿಯನ್ನು 87ರಿಂದ ಭಾಗಿಸಿದ 16.5 ಮಿ.ಮೀ. ಅಂತರ ‘ಎಚ್‌ಒ’ ಎಂಬ ಹೆಸರಿನಲ್ಲಿ ಜಗತ್ತಿನಲ್ಲೆಲ್ಲ ನೆಲೆಯೂರಿತು. ಹಳಿ, ಚಕ್ರ, ಮೋಟಾರು ಎಲ್ಲ ಆ ಅಳತೆಯಲ್ಲೇ ಅಂಗಡಿಗೆ ಬಂದವು.

ನಮ್ಮ ಬ್ರಾಡ್ ಗೇಜನ್ನು ಹಾಗೆಯೇ ಭಾಗಿಸಿದರೆ 19.3 ಮಿ.ಮೀ. ಆಗಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಎಚ್‌ಒ ಹಳಿಯ ಮೇಲೆ ನಿಲ್ಲಿಸಿದ ಡಬ್ಲ್ಯುಡಿಎಂ-2, ಮೈ ಭಾರತದ್ದು, ಕಾಲು ಯುರೋಪಿನದ್ದು. ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ‘ಅಸಲಿಯ ತದ್ರೂಪು’ ಎಂಬ ಜಾಹೀರಾತು ಮೊದಲು ಮುಗ್ಗರಿಸುವುದು ಇಲ್ಲೇ.

ಮೈಸೂರಿನವರಿಗೆ ಒಂದು ಸಮಾಧಾನ ಇದೆ. 1870ರಲ್ಲಿ ವೈಸರಾಯ್ ಮೇಯೊ ಖರ್ಚು ಉಳಿಸಲು ಒಂದು ಮೀಟರು ಅಂತರದ ಹಳಿ ತಂದ. ಬೆಂಗಳೂರು–ಮೈಸೂರು ಮಾರ್ಗ ಕಳೆದ ಶತಮಾನದ ತೊಂಬತ್ತರ ದಶಕದವರೆಗೂ, ಸರಸ್ವತಿಪುರಂ ಬದಿಯಲ್ಲೇ ಹಾಯುವ ನಂಜನಗೂಡು–ಚಾಮರಾಜನಗರ ಮಾರ್ಗ ಅದಕ್ಕೂ ಹೆಚ್ಚು ಕಾಲ ಮೀಟರ್ ಗೇಜಿನಲ್ಲೇ ಇದ್ದವು. ಆ ಹಳಿಗೆಂದು ಆಲ್ಕೊ ರೂಪಿಸಿದ್ದು ಡಬ್ಲ್ಯುಡಿಎಂ-2ರ ತಮ್ಮ, ವೈಡಿಎಂ-4: ಸಾಲಾಗಿ ಆರು ಸಿಲಿಂಡರು, 72 ಟನ್. 1,000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5. ‘ಟಿಟಿ’ ಎಂಬ ಬೇರೊಂದು ಅಳತೆಯ ಮಾಡೆಲ್ಲುಗಳಿಗೆಂದು ತಯಾರಾಗುವ 12 ಮಿ.ಮೀ. ಹಳಿ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಮೈಸೂರಿನವರು ಸಂಗ್ರಹಿಸಬೇಕಾದದ್ದು ಡಬ್ಲ್ಯುಡಿಎಂ-2 ಅಲ್ಲ, ವೈಡಿಎಂ-4 ಎಂಬುದು ಈ ಲೇಖಕನ ಪಕ್ಷಪಾತದ ತೀರ್ಪು. ಅಳತೆಯೂ ಸರಿ, ಊರೂ ಸರಿ.

‘ಸೀಮಿತ ಆವೃತ್ತಿ’ಯ ಅರ್ಥಶಾಸ್ತ್ರ ಸರಳ. ದುಡ್ಡು ಹೋಗುವುದು ಉಕ್ಕಿನ ಅಚ್ಚಿಗೆ. ಒಮ್ಮೆ ಅಚ್ಚು ಕೊರೆದ ಮೇಲೆ ಪ್ಲಾಸ್ಟಿಕ್ಕು ಅಗ್ಗ. ಹಾಗಾಗಿ ಅದೇ ಮೈಗೆ ಒಂದು ಸಲ ಒಂದು ಶೆಡ್ಡಿನ ಬಣ್ಣ, ಮತ್ತೊಂದು ಸಲ ಇನ್ನೊಂದು ನಂಬರು ಬಳಿದರೆ, ಒಂದೊಂದೂ ಒಂದು ‘ಅಪರೂಪದ’ ಆವೃತ್ತಿ. ನಿಜಕ್ಕೂ ಬೇರೆ ಅಚ್ಚು ಬೇಡುವುದು, ಅಭಿಮಾನಿಗಳು ‘ಜಂಬೋ’ ಎನ್ನುವ, ಮುಂಭಾಗದ ಗಿಡ್ಡ ಮೂತಿ ಪೂರ್ತಿ ಅಗಲಕ್ಕಿರುವ ಬಗೆ. ಹಿತ್ತಾಳೆ ಹಾಳೆ ಕತ್ತರಿಸಿ ಬೆಸುಗೆ ಹಾಕಿ ಕೈಯಲ್ಲೇ ಮಾಡುವ ಮಾಡೆಲ್ಲುಗಳ ಕತೆ ಬೇರೆ. ಅಲ್ಲಿ ಸಂಖ್ಯೆ ಕಡಿಮೆ ಇರುವುದು ಮಾಡುವವರ ಬೆರಳು ಸೋಲುವುದರಿಂದ. ಆ ಬೆಲೆಗೆ ಒಂದು ಕಾರಣವಾದರೂ ಇದೆ.

ಎಷ್ಟೇ ಕುಸುರಿ ಇದ್ದರೂ ಬಣ್ಣದ ಪದರವನ್ನು ಕುಗ್ಗಿಸಲಾಗದು. 30 ಮೈಕ್ರಾನಿನ ತೆಳು ಬಣ್ಣ ಅಸಲಿ ಗಾತ್ರಕ್ಕೆ ಹಿಗ್ಗಿಸಿದರೆ ಎರಡೂವರೆ ಮಿಲಿಮೀಟರಿನ ಗಾರೆ. ಡ್ರೈವರು ಹಿಡಿದು ಹತ್ತುವ ಹೆಬ್ಬೆರಳು ದಪ್ಪದ ಕಂಬಿ ಇಲ್ಲಿ ಕಾಲು ಮಿಲಿಮೀಟರಿನ ತಂತಿ. ಷೋಕೇಸು ತೆರೆದಾಗ ಉದುರಿದ ಒಂದು ತಲೆಗೂದಲು ಎಂಜಿನ್ನಿನ ಮೇಲೆ ಆರು ಮಿಲಿಮೀಟರು ದಪ್ಪದ ಹಗ್ಗವಾಗಿ ಬಿದ್ದಿರುತ್ತದೆ.

ದೂಳು ಒರೆಸಬಹುದು, ಸತುವಿನ ರೋಗಕ್ಕೆ ಮದ್ದಿಲ್ಲ. ಭಾರಕ್ಕೆಂದು ಒಳಗೆ ಕೂರಿಸಿದ ಲೋಹದಲ್ಲಿ ಸತುವಿನ ಜತೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇರುತ್ತವೆ. ಅದರೊಳಗೆ ಎಳ್ಳಿನಷ್ಟು ಸೀಸ ಸೇರಿಕೊಂಡರೂ, ಗಾಳಿಯ ತೇವ ಲೋಹದ ಹರಳುಗಳ ಸಂದುಗಳಲ್ಲಿ ಹೊಕ್ಕು ಕೊರೆಯತೊಡಗುತ್ತದೆ. ಮೈ ಊದಿಕೊಳ್ಳುತ್ತದೆ, ಬಿರಿಯುತ್ತದೆ, ವರ್ಷಗಳ ಮೇಲೆ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ಅತಿ ಶುದ್ಧ ಸತುವಿನ ‘ಜಮಾಕ್’ ಮಿಶ್ರಲೋಹ ತಂದಿದ್ದೇ ಈ ಕಾಟ ತಪ್ಪಿಸಲು. ಶುದ್ಧತೆಯಲ್ಲಿ ಜಿಪುಣತನ ಮಾಡಿದ ಮಾಡೆಲ್ಲುಗಳಿಗೆ ಇವತ್ತಿಗೂ ರೋಗ ಬರುತ್ತದೆ. ಡಬ್ಬಿಯನ್ನೇ ತೆರೆಯದೆ ಬೀರುವಿನಲ್ಲಿ ಕಾಪಾಡಿದ ಅಮೂಲ್ಯ ಪ್ರತಿಗೂ ರಿಯಾಯಿತಿ ಇಲ್ಲ.

ಆದ್ದರಿಂದ ಮಾಡೆಲ್ಲು ಕೊಳ್ಳುವವರಿಗೆ ಒಂದು ಮಾತು. ಪ್ರಮಾಣಪತ್ರ ಪಕ್ಕಕ್ಕಿಡಿ, ಮೆತ್ತನೆ ಬಟ್ಟೆಯ ಮೇಲೆ ಎಂಜಿನ್ನನ್ನು ಮಗುಚಿ. ಡಬ್ಲ್ಯುಡಿಎಂ-2ರಲ್ಲಿ ಮೋಟಾರುಗಳನ್ನು ಕೂರಿಸಿದ ಕ್ರಮದಿಂದಾಗಿ ಒಂದೊಂದು ತುದಿಯ ಮೂರು ಅಚ್ಚುಗಳ ನಡುವಿನ ಎರಡು ಅಂತರಗಳು ಸಮವಾಗಿರುವುದಿಲ್ಲ. ಸಮವಾಗಿದ್ದರೆ ಅದು ಬೇರಾವುದೋ ಎಂಜಿನ್ನಿನ ಕಾಲು. ಆಮೇಲೆ ಎದುರುಬದುರಿನ ಎರಡು ಚಕ್ರಗಳ ಒಳಮೈ ನಡುವೆ ಅಳತೆಪಟ್ಟಿ ಹಿಡಿಯಿರಿ. ಬ್ರಾಡ್ ಗೇಜಿನ ಲೆಕ್ಕಕ್ಕೆ ಅಲ್ಲಿ 18.4 ಮಿ.ಮೀ. ಇರಬೇಕು. ಸರಸ್ವತಿಪುರಂನ ಸೀಮಿತ ಆವೃತ್ತಿಯಲ್ಲಿ ಇದ್ದದ್ದು 14.4.