ರೋಟರಿ ಇಂಜಿನ್‌ನ ಕಂಪ್ರೆಷನ್ ಅಳೆಯುವುದು ಹೇಗೆ?

ಬೈಕ್ ಏರು ಹತ್ತುವಾಗ ಎಳೆಯದಿದ್ದರೆ, ಬೆಳಿಗ್ಗೆ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ, ನಮ್ಮ ಕಡೆಯ ಮೆಕ್ಯಾನಿಕ್ ಉಸ್ತಾದರು ಹೇಳುವ ಮಾತು ಒಂದೇ: “ಕಂಪ್ರೆಷನ್ ಹೋಗ್ಯಾದ.” ಶಹಾಪುರ, ಸುರಪುರ, ಯಾದಗಿರಿ, ಎಲ್ಲಿಯ ಗ್ಯಾರೇಜಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ನಾವು ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಕಂಪ್ರೆಷನ್ ಎಂದರೇನು, ಅದು ಹೋಗಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳುವವರು ಕಡಿಮೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದಿದ ಪಾಠವೇ ಇದಕ್ಕೆ ಉತ್ತರ ಕೊಡುತ್ತದೆ. ರೋಟರಿ ಎಂಬ ಬೇರೆ ಬಗೆಯ ಇಂಜಿನ್‌ನಲ್ಲಂತೂ ಈ ಪರೀಕ್ಷೆ ಇನ್ನೂ ಕುತೂಹಲಕರವಾಗಿದೆ. ಅದನ್ನು ನನಗೆ ತಿಳಿದಷ್ಟು ಸರಳವಾಗಿ ವಿವರಿಸುತ್ತೇನೆ.

ಮೊದಲು ಸಾಮಾನ್ಯ ಇಂಜಿನ್

ಬೈಕಿನ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗೆ ಇಳಿದಾಗ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತವೆ. ಪಿಸ್ಟನ್ ಮೇಲೇರಿದಾಗ ಆ ಮಿಶ್ರಣ ಸುಮಾರು ಹತ್ತನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತಲ್ಪಡುತ್ತದೆ. ಗಾತ್ರ ಕಡಿಮೆಯಾದಂತೆ ಒತ್ತಡ ಹೆಚ್ಚುತ್ತದೆ ಎಂಬುದು ಬಾಯ್ಲ್‌ನ ನಿಯಮ. ಈ ಒತ್ತಡವೇ ಕಂಪ್ರೆಷನ್. ಪಿಸ್ಟನ್ ರಿಂಗ್ ಸವೆದರೆ ಅಥವಾ ವಾಲ್ವ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ. ಸೋರಿದಷ್ಟು ಶಕ್ತಿ ನಷ್ಟ.

ಇದನ್ನು ಅಳೆಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದೇ ರಂಧ್ರಕ್ಕೆ ಒತ್ತಡದ ಗೇಜು ತಿರುಗಿಸಿ, ಇಂಜಿನ್ ಅನ್ನು ಸ್ಟಾರ್ಟರ್‌ನಿಂದ ಕೆಲವು ಸೆಕೆಂಡ್ ತಿರುಗಿಸುತ್ತಾರೆ. ಗೇಜಿನ ಕೊಳವೆಯೊಳಗೆ ಒಂದು ಚಿಕ್ಕ ವಾಲ್ವ್ ಇರುತ್ತದೆ. ಸೈಕಲ್ ಟ್ಯೂಬಿನ ವಾಲ್ವ್‌ನಂತೆ ಅದು ಒಳಬಂದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಮುಳ್ಳು ಅತಿ ಹೆಚ್ಚಿನ ಒತ್ತಡಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ.

ಕಳೆದ ವರ್ಷ ನಮ್ಮ ಚಾಚಾ ಹಳೆಯ ಟ್ರ್ಯಾಕ್ಟರ್ ಒಂದನ್ನು ನೋಡಲು ಹೋಗಿದ್ದರು. ಹೊಸ ಬಣ್ಣ ಹೊಡೆದಿದ್ದರು, ಶಬ್ದವೂ ಚೆನ್ನಾಗಿತ್ತು. ಜೊತೆಗಿದ್ದ ಉಸ್ತಾದರು ಬಿಡಲಿಲ್ಲ. ಇಂಜೆಕ್ಟರ್ ಬಿಚ್ಚಿ ಡೀಸೆಲ್ ಗೇಜು ಹಾಕಿದರು. ಎರಡು ಸಿಲಿಂಡರ್ 28 ಮತ್ತು 27 ಕೆಜಿ ತೋರಿಸಿದವು, ಮೂರನೆಯದು 19. ಇಲ್ಲಿ ಕೆಜಿ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ. ಚಾಚಾ ಅಡ್ವಾನ್ಸ್ ಹಣ ಜೇಬಿನಲ್ಲೇ ಇಟ್ಟುಕೊಂಡು ಬಂದರು. ಒಂದು ಸಿಲಿಂಡರ್‌ಗೆ ಒಂದು ಅಂಕಿ ಸಿಕ್ಕಿದ್ದರಿಂದ ದೋಷ ಎಲ್ಲಿದೆ ಎಂಬುದು ಅಲ್ಲೇ ಗೊತ್ತಾಯಿತು.

ರೋಟರಿ ಎಂದರೇನು?

ರೋಟರಿ ಇಂಜಿನ್‌ನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ, ವಾಲ್ವ್‌ಗಳೂ ಇಲ್ಲ. ನಡುವೆ ಸ್ವಲ್ಪ ಒಳಗೆ ಬಾಗಿದ ಮೊಟ್ಟೆಯಾಕಾರದ ಕವಚದೊಳಗೆ ಉಬ್ಬಿದ ಬದಿಗಳ ತ್ರಿಕೋನವೊಂದು ತಿರುಗುತ್ತದೆ. ಇದೇ ರೋಟರ್. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಇದರ ಮೂಲಪುರುಷ. ಜಪಾನಿನ ಮಾಜ್ದಾ ಕಂಪನಿ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರಿನಲ್ಲಿ ಎರಡು ರೋಟರ್‌ಗಳ ಇಂಜಿನ್ ತಂದಿತು. ಮುಂದೆ ಆರ್‌ಎಕ್ಸ್-7, ಆರ್‌ಎಕ್ಸ್-8 ಬಂದವು. 1991ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟವನ್ನು ಮಾಜ್ದಾದ ರೋಟರಿ ಕಾರು ಗೆದ್ದಿತು.

ನಮ್ಮ ಜಿಲ್ಲೆಯ ರಸ್ತೆಯಲ್ಲಿ ಇಂಥ ಕಾರನ್ನು ನಾನು ಕಂಡಿಲ್ಲ. ಆದರೆ ಈ ಇಂಜಿನ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನಕ್ಕಾಗಿ ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹಮದ್‌ನಗರದ ವಿಆರ್‌ಡಿಇ ಸಂಸ್ಥೆಗಳು ಸೇರಿ 55 ಅಶ್ವಶಕ್ತಿಯ ವಾಂಕೆಲ್ ಇಂಜಿನ್ ರೂಪಿಸಿದವು. ಆ ದೇಶೀ ಇಂಜಿನ್ ಹೊತ್ತ ನಿಶಾಂತ್ 2009ರ ಏಪ್ರಿಲ್ 5ರಂದು ಕೋಲಾರದ ಬಳಿ ಹಾರಿತು. ತೂಕ ಕಡಿಮೆ, ನಡುಕ ಕಡಿಮೆ, ಗಾತ್ರಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಸಣ್ಣ ವಿಮಾನಕ್ಕೆ ಬೇಕಾದದ್ದು ಇದೇ.

ಗೇಜು ಮುಚ್ಚಿಡುವ ಸತ್ಯ

ರೋಟರ್‌ಗೆ ಮೂರು ಮುಖಗಳು. ಪ್ರತಿ ಮುಖವೂ ಕವಚದ ಗೋಡೆಯ ಜೊತೆ ಸೇರಿ ಒಂದು ಕೋಣೆಯಾಗುತ್ತದೆ. ಅಂದರೆ ಒಂದು ರೋಟರ್ ಮೂರು ಸಿಲಿಂಡರ್ ಇದ್ದಂತೆ. ಆದರೆ ಈ ಮೂರೂ ಕೋಣೆಗಳು ಒಂದರ ಹಿಂದೆ ಒಂದು ಅದೇ ಪ್ಲಗ್ ರಂಧ್ರದ ಮುಂದೆ ಹಾದು ಹೋಗುತ್ತವೆ. ಟ್ರ್ಯಾಕ್ಟರಿನಲ್ಲಿ ಮೂರು ಸಿಲಿಂಡರ್‌ಗೆ ಮೂರು ಬಾಗಿಲುಗಳಿದ್ದರೆ, ಇಲ್ಲಿ ಮೂವರಿಗೂ ಬಾಗಿಲು ಒಂದೇ.

ಕೋಣೆಗಳ ನಡುವೆ ಗಾಳಿ ಸೋರದಂತೆ ತಡೆಯುವುದು ರೋಟರಿನ ಮೂರು ಮೂಲೆಗಳಲ್ಲಿರುವ ತೆಳುವಾದ ಪಟ್ಟಿಗಳು. ಇವಕ್ಕೆ ಏಪೆಕ್ಸ್ ಸೀಲ್ ಎನ್ನುತ್ತಾರೆ. ಪಕ್ಕದಲ್ಲಿ ಸೈಡ್ ಸೀಲ್‌ಗಳೂ ಇವೆ. ಒಂದು ಏಪೆಕ್ಸ್ ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಅದು ಮುರಿದರೆ ಅಕ್ಕಪಕ್ಕದ ಎರಡೂ ಕೋಣೆಗಳ ಒತ್ತಡ ಬೀಳುತ್ತದೆ.

ಈಗ ಸಾಮಾನ್ಯ ಗೇಜು ಹಾಕಿದೆವು ಎನ್ನಿ. ಮೂರು ಕೋಣೆಗಳ ಒತ್ತಡ 8.1, 5.6, 5.4 ಕೆಜಿ ಇದೆ ಎಂದುಕೊಳ್ಳೋಣ. ಗೇಜಿನ ವಾಲ್ವ್ ಅತಿ ದೊಡ್ಡದನ್ನು ಮಾತ್ರ ಹಿಡಿದಿಡುತ್ತದೆ. ಮುಳ್ಳು 8.1ರಲ್ಲಿ ನಿಲ್ಲುತ್ತದೆ. “ಇಂಜಿನ್ ಚೆನ್ನಾಗಿದೆ” ಎಂದು ಮಾರುವವರು ಹೇಳಿದರೆ ಗೇಜು ಕೂಡ ಹೌದು ಎನ್ನುತ್ತದೆ. ಕೆಟ್ಟ ಎರಡು ಕೋಣೆಗಳು ಒಳ್ಳೆಯ ಒಂದರ ಹಿಂದೆ ಅಡಗಿಕೊಂಡವು.

ಸರಿಯಾದ ಕ್ರಮ

ಮೊದಲು ಇಂಜಿನ್ ಓಡಿಸಿ ಬಿಸಿ ಮಾಡಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಪೆಟ್ರೋಲ್ ಪೂರೈಕೆಯನ್ನೂ ಕಿಡಿಯನ್ನೂ ನಿಲ್ಲಿಸಬೇಕು. ಇದನ್ನು ಮರೆತರೆ ತೆರೆದ ರಂಧ್ರದಿಂದ ಪೆಟ್ರೋಲ್ ಆವಿ ಬಂದು ಬೆಂಕಿ ಹತ್ತುವ ಅಪಾಯವಿದೆ. ನಂತರ ಒಂದು ರೋಟರಿನ ಪ್ಲಗ್ ಬಿಚ್ಚಿ ಉಪಕರಣ ಜೋಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, 5ರಿಂದ 10 ಸೆಕೆಂಡ್ ತಿರುಗಿಸಬೇಕು. ಇನ್ನೊಂದು ರೋಟರಿಗೂ ಹೀಗೆಯೇ.

ರೋಟರಿಗೆಂದೇ ಮಾಡಿದ ಎಲೆಕ್ಟ್ರಾನಿಕ್ ಉಪಕರಣ ಪ್ರತಿ ಬಡಿತವನ್ನೂ ಬೇರೆಬೇರೆಯಾಗಿ ಅಳೆದು ಮೂರು ಅಂಕಿ ಕೊಡುತ್ತದೆ, ಇಂಜಿನ್ ಎಷ್ಟು ವೇಗದಲ್ಲಿ ತಿರುಗಿತು ಎಂಬುದನ್ನೂ ತೋರಿಸುತ್ತದೆ. ಅದು ಇಲ್ಲದಿದ್ದರೆ ಸಾಮಾನ್ಯ ಗೇಜಿನ ಗುಂಡಿ ಒತ್ತಿಹಿಡಿದು ಗಾಳಿ ನಿಲ್ಲದಂತೆ ಮಾಡುತ್ತಾರೆ. ಆಗ ಮುಳ್ಳು ಕುಣಿಯುತ್ತದೆ. ಮುಖ್ಯ ಶಾಫ್ಟ್ ನಿಮಿಷಕ್ಕೆ 250 ಸುತ್ತು ತಿರುಗಿದರೆ ರೋಟರ್ ಅದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 83 ಸುತ್ತು ತಿರುಗುತ್ತದೆ. ಸುತ್ತಿಗೆ ಮೂರು ಬಡಿತದಂತೆ ಸೆಕೆಂಡಿಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಸಿಗುವುದು ಕಷ್ಟ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಕೊಂಡರೆ ಮೂರೂ ಸಮವಾಗಿವೆಯೇ ಎಂದು ನೋಡಬಹುದು. ನಿಖರ ಅಂಕಿ ಮಾತ್ರ ಇದರಿಂದ ಸಿಗದು.

ಆರ್‌ಎಕ್ಸ್-8 ಇಂಜಿನ್‌ಗೆ ಮಾಜ್ದಾ ಹೇಳುವ ಮಟ್ಟ ಹೀಗಿದೆ: 250 ಸುತ್ತಿನ ವೇಗದಲ್ಲಿ ಒತ್ತಡ 830 ಕಿಲೋಪಾಸ್ಕಲ್ (ಸುಮಾರು 8.5 ಕೆಜಿ) ಇರಬೇಕು, 680ಕ್ಕಿಂತ (6.9 ಕೆಜಿ) ಕೆಳಗಿಳಿಯಬಾರದು. ಒಂದೇ ರೋಟರಿನ ಮೂರು ಕೋಣೆಗಳ ನಡುವೆ 150ಕ್ಕಿಂತ ಹೆಚ್ಚು ವ್ಯತ್ಯಾಸವೂ ಇರಬಾರದು.

ಅಂಕಿಯನ್ನು ಓದುವುದು

ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಗಾಳಿ ಸೋರಲು ಹೆಚ್ಚು ಸಮಯ ಸಿಗುತ್ತದೆ, ಒಳ್ಳೆಯ ಇಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಆದ್ದರಿಂದ ವೇಗ ಬರೆಯದ ಅಂಕಿಗೆ ಬೆಲೆಯಿಲ್ಲ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ನಮ್ಮ ಕಡೆ ಗಾಳಿಯ ಒತ್ತಡ ಸುಮಾರು ಶೇ 5ರಷ್ಟು ಕಡಿಮೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು ಶೇ 10ರಷ್ಟು ಕಡಿಮೆ. ಒಳಗೆ ಬರುವ ಗಾಳಿಯೇ ತೆಳುವಾಗಿದ್ದರೆ ಒತ್ತಿದ ಮೇಲೂ ಒತ್ತಡ ಅಷ್ಟು ಕಡಿಮೆಯೇ.

ಮೂರೂ ಕೋಣೆಗಳು ಸಮನಾಗಿ ಸ್ವಲ್ಪ ಕಡಿಮೆ ಇದ್ದರೆ ಮೊದಲು ಬ್ಯಾಟರಿ, ಸ್ಟಾರ್ಟರ್ ನೋಡಬೇಕು, ಆಮೇಲೆ ಸಾಮಾನ್ಯ ಸವೆತ ಎನ್ನಬೇಕು. ಎರಡು ಬಿದ್ದು ಒಂದು ಚೆನ್ನಾಗಿದ್ದರೆ ಅವೆರಡರ ನಡುವಿನ ಏಪೆಕ್ಸ್ ಸೀಲ್ ಮೇಲೆ ಅನುಮಾನ. ಒಂದೇ ಬಿದ್ದಿದ್ದರೆ ಸೈಡ್ ಸೀಲ್ ಕಡೆ ನೋಡಬೇಕು.

ನಮ್ಮ ಭಾಗದ ಅನೇಕ ಹುಡುಗರು ಐಟಿಐ ಮುಗಿಸಿ ಕೊಲ್ಲಿ ದೇಶಗಳ ಗ್ಯಾರೇಜುಗಳಿಗೆ ಹೋಗುತ್ತಾರೆ. ಆರ್‌ಎಕ್ಸ್-8 ಅಲ್ಲಿ ಮಾರಾಟವಾದ ಕಾರು. ಅವರ ಕೈಗೆ ಅದು ಬಂದ ದಿನ ಈ ವಿಷಯ ನೆನಪಿದ್ದರೆ ಸಾಕು. ಇಲ್ಲೇ ಇರುವ ನಮಗೂ ಪಾಠ ಅದೇ. ಮನೆಗೆ ಹಳೆಯ ಬೈಕ್, ಆಟೋ, ಟ್ರ್ಯಾಕ್ಟರ್ ತರುವ ಮಾತು ಬಂದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಲು ಹಿರಿಯರಿಗೆ ಹೇಳಿ. ಒಂದಕ್ಕಿಂತ ಹೆಚ್ಚು ಸಿಲಿಂಡರ್ ಇದ್ದರೆ ಪ್ರತಿಯೊಂದರ ಅಂಕಿಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೇ ದೊಡ್ಡ ಅಂಕಿ ತೋರಿಸಿ ಮಾತು ಮುಗಿಸುವವರನ್ನು “ಉಳಿದವು ಎಷ್ಟು?” ಎಂದು ಕೇಳಿ.