ಟಾಪ್‌ಅಪ್ ಆರೋಗ್ಯ ವಿಮೆ: ಯಾವ ಖರ್ಚು ವಾಪಸ್ ಬರುತ್ತದೆ?

ಕಚೇರಿಯ ಆರೋಗ್ಯ ವಿಮೆ 3 ಲಕ್ಷ ರೂಪಾಯಿಯದ್ದು. ಅದು ಸಾಲದು ಎಂದು ಮೇಲೊಂದು ಟಾಪ್‌ಅಪ್ ಪಾಲಿಸಿ ಮಾಡಿಸಿದ್ದೀರಿ. ಹೀಗಿದ್ದರೂ ಆಸ್ಪತ್ರೆಯ ಬಿಲ್ಲಿನ ಒಂದು ಭಾಗವನ್ನು ನೀವೇ ಕಟ್ಟಬೇಕಾಗಿ ಬರಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ‘ಡಿಡಕ್ಟಿಬಲ್’ ಎಂಬ ಪದ ಗೊತ್ತಿರಬೇಕು.

ಡಿಡಕ್ಟಿಬಲ್ ಎಂದರೇನು?

ಟಾಪ್‌ಅಪ್ ಪಾಲಿಸಿ ಹಣ ಕೊಡಲು ಶುರುಮಾಡುವ ಮೊದಲು ಖರ್ಚು ದಾಟಬೇಕಾದ ಮಿತಿಯೇ ಡಿಡಕ್ಟಿಬಲ್. ಅಷ್ಟು ಮೊತ್ತವನ್ನು ಮೊದಲ ವಿಮೆ ಭರಿಸಬಹುದು ಅಥವಾ ನೀವೇ ಕಟ್ಟಬಹುದು.

ಟಾಪ್‌ಅಪ್, ಸೂಪರ್ ಟಾಪ್‌ಅಪ್ ಒಂದೇ ಅಲ್ಲ

ಸಾಮಾನ್ಯ ಟಾಪ್‌ಅಪ್‌ನಲ್ಲಿ ಪ್ರತಿ ಸಲ ಆಸ್ಪತ್ರೆಗೆ ಸೇರಿದಾಗಲೂ ಬಿಲ್ ಈ ಮಿತಿ ದಾಟಬೇಕು. ಸೂಪರ್ ಟಾಪ್‌ಅಪ್‌ನಲ್ಲಿ ಪಾಲಿಸಿ ವರ್ಷದ ಎಲ್ಲ ಬಿಲ್‌ಗಳನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ.

ಉದಾಹರಣೆಗೆ, ಎರಡರಲ್ಲೂ ಡಿಡಕ್ಟಿಬಲ್ 3 ಲಕ್ಷ ಎಂದುಕೊಳ್ಳಿ. ಅಮ್ಮನಿಗೆ ಒಂದೇ ವರ್ಷದಲ್ಲಿ ಎರಡು ಸಲ ಚಿಕಿತ್ಸೆಯಾಯಿತು. ಬಿಲ್ ಮೊದಲು 2.5 ಲಕ್ಷ, ಆಮೇಲೆ 2 ಲಕ್ಷ. ಒಟ್ಟು 4.5 ಲಕ್ಷದಲ್ಲಿ ಕಚೇರಿಯ ವಿಮೆ 3 ಲಕ್ಷ ಕೊಟ್ಟಿತು. ಉಳಿದ 1.5 ಲಕ್ಷಕ್ಕೆ:

• ಟಾಪ್‌ಅಪ್ ಇದ್ದರೆ ಏನೂ ಸಿಗದು. ಯಾವ ಬಿಲ್ಲೂ ಒಂದೇ ಸಲಕ್ಕೆ 3 ಲಕ್ಷ ದಾಟಿಲ್ಲ.
• ಸೂಪರ್ ಟಾಪ್‌ಅಪ್ ಇದ್ದರೆ 1.5 ಲಕ್ಷ ಸಿಗುತ್ತದೆ, ಆ ಖರ್ಚೆಲ್ಲ ಪಾಲಿಸಿಯ ವ್ಯಾಪ್ತಿಯಲ್ಲಿದ್ದರೆ.

ಕಿಮೊಥೆರಪಿ, ಡಯಾಲಿಸಿಸ್‌ನಂತೆ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕಾದ ಚಿಕಿತ್ಸೆಯಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಔಷಧದ ಬಿಲ್‌ಗಳು

ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯ ನಂತರದ ಔಷಧ, ಪರೀಕ್ಷೆಗಳ ಖರ್ಚನ್ನೂ ಪಾಲಿಸಿಯಲ್ಲಿ ಹೇಳಿದಷ್ಟು ದಿನಗಳವರೆಗೆ ಕೇಳಬಹುದು. ಆದರೆ ಅದು ಅದೇ ಕಾಯಿಲೆಗೆ ಸಂಬಂಧಿಸಿರಬೇಕು. ವೈದ್ಯರ ಚೀಟಿ ಮತ್ತು ರೋಗಿಯ ಹೆಸರಿರುವ ಜಿಎಸ್‌ಟಿ ಬಿಲ್ ಎರಡೂ ಬೇಕು. ದಿನವೂ ನುಂಗುವ ಬಿಪಿ, ಶುಗರ್ ಮಾತ್ರೆಗಳ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಕೈಗವಸು, ಮಾಸ್ಕ್‌ನಂಥ ವಸ್ತುಗಳನ್ನೂ ಅನೇಕ ಪಾಲಿಸಿಗಳು ಬಿಟ್ಟಿರುತ್ತವೆ.

ರೂಮ್ ಬಾಡಿಗೆಯ ಮಿತಿ

ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ಮಿತಿಯಿದ್ದು ನೀವು 10,000 ರೂಪಾಯಿಯ ರೂಮ್ ತೆಗೆದುಕೊಂಡರೆ, ವೈದ್ಯರ ಶುಲ್ಕದಂಥ ವೆಚ್ಚಗಳಲ್ಲೂ ಅದೇ ಅನುಪಾತದಲ್ಲಿ ಕಡಿತ ಆಗಬಹುದು. ಆದರೆ ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಔಷಧ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕಡಿತ ಅನ್ವಯಿಸಬಾರದು. ಕ್ಲೇಮ್ ಪತ್ರದಲ್ಲಿ ಇದನ್ನು ತಪ್ಪದೆ ನೋಡಿ.

ಕ್ಲೇಮ್ ಮಾಡುವಾಗ

• ದಾಖಲಾದ ಕೂಡಲೇ ಎರಡೂ ವಿಮಾ ಕಂಪನಿಗಳಿಗೆ ತಿಳಿಸಿ. ಮೊದಲ ಬಿಲ್ ಮಿತಿಯೊಳಗೇ ಇದ್ದರೂ ಅದರ ದಾಖಲೆ ಜೋಪಾನ ಮಾಡಿ.
• ಮೂಲ ಬಿಲ್‌ಗಳು ಮೊದಲ ಕಂಪನಿಗೆ ಹೋದರೆ ದೃಢೀಕೃತ ಪ್ರತಿಗಳನ್ನು ಕೇಳಿ ಪಡೆಯಿರಿ.
• ಮೊದಲ ಕಂಪನಿ ಎಷ್ಟು ಕೊಟ್ಟಿತು, ಎಷ್ಟು ಕಡಿತ ಮಾಡಿತು ಎಂಬ ಸೆಟಲ್‌ಮೆಂಟ್ ಪತ್ರವನ್ನು ಲಗತ್ತಿಸಿ.

ಮೊದಲೇ ಇದ್ದ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಅದಕ್ಕೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು.

ಕಡಿತ ಸರಿಯಲ್ಲ ಎನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಅದರ ಕಚೇರಿಗಳಿವೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.